ಕೊಡೆಯ ಹಾಡು

ಫೆಲಿಸ್ಮಿನಾ ತನ್ನ ಅಕ್ಕನ ಹೆಣದ ಮೇಲಿದ್ದ ಕೆಂಪು ನಡುವಂಗಿಯ ಗುಂಡಿಗಳನ್ನು ಬಿಚ್ಚುತ್ತಿದ್ದಳು. ಕಸೂತಿಯ ದಪ್ಪಕ್ಕೆ ಗುಂಡಿಗಳು ಬಿಗಿಯಾಗಿದ್ದವು, ಅವಳ ಬೆರಳುಗಳೋ ಸಂಧಿವಾತದಿಂದ ಸೊಟ್ಟಗಾಗಿದ್ದವು. ಇಗರ್ಜಿಯ ಪಕ್ಕದ ಹೆಣದ ಕೋಣೆಯಲ್ಲಿ ಜಪಸರ ಹಿಡಿದು ಕೂತಿದ್ದ ಹೆಂಗಸರು ಜಪ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

"ಏನ್ ಮಾಡ್ತಿದೀಯ?" ಬಾಗಿಲಲ್ಲಿ ಕುಸ್ತೋದಿಯು ನಿಂತಿದ್ದ. ಸತ್ತವಳ ಗಂಡ, ಊರಿನ ಜನಪದ ಹಾಡು-ಕುಣಿತದ ತಂಡದ ಯಜಮಾನ. ಅವನೂ ತಂಡದ ಉಡುಪಿನಲ್ಲೇ ಇದ್ದ: ಕರಿ ಟೊಪ್ಪಿ, ಬಿಳಿ ಅಂಗಿ, ಸೊಂಟಕ್ಕೆ ಕೆಂಪು ಪಟ್ಟಿ.

"ಕಾಣ್ತಿಲ್ವಾ? ನಿನ್ನ ವೇಷ ಕಳಚ್ತಿದೀನಿ. ನನ್ನಕ್ಕ ಹೆಂಗಸಾಗಿ ಹುಟ್ಟಿದ್ಲು, ಅಂಗಡಿ ಬೊಂಬೆಯಾಗಿ ಅಲ್ಲ. ಅವಳ ಕರೀ ಲಂಗ ತಂದುಕೊಡು."

"ಕೈ ತೆಗಿ ಫೆಲಿಸ್ಮಿನಾ. ಹನ್ನೊಂದು ಗಂಟೆಗೆ ಮಣ್ಣು."

"ಸಾಯಂಕಾಲ ಮಣ್ಣು ಅಂತ ಊರ ಗೋಡೆಗೆಲ್ಲ ಚೀಟಿ ಅಂಟಿಸಿದ್ರಲ್ಲ?"

"ಮಧ್ಯಾಹ್ನದಿಂದ ರಾತ್ರಿ ತನಕ ಉತ್ಸವ ಇದೆ. ಹೊರಗಡೆಯಿಂದ ತಂಡಗಳು ಬರ್ತಿವೆ, ಬಸ್ಸು ಹೊರಟಾಗಿದೆ. ಈಗ ಬೇಡ ಅನ್ನೋಕಾಗುತ್ತಾ? ಅವಳ ಹೆಸರಲ್ಲೇ ಕುಣೀತೀವಿ. ಅವಳಿಗೆ ಅದಕ್ಕಿಂತ ಗೌರವ ಇನ್ನೇನಿದೆ?"

"ಹೆಂಡ್ತೀನ ಹೂತು ಕೈ ತೊಳ್ಕೊಂಡು ಕುಣಿಯೋಕೆ ಹೋಗೋ ಗಂಡಸು ಗೌರವದ ಮಾತಾಡ್ತಾನೆ. ಕೇಳಿಸ್ಕೊಂಡ್ರಾ?" ಎಂದು ಅವಳು ಜಪಸರದ ಹೆಂಗಸರ ಕಡೆ ತಿರುಗಿದಳು. ಅವರು ತಲೆ ತಗ್ಗಿಸಿದರು.

ಕುಸ್ತೋದಿಯು ಹತ್ತಿರ ಬಂದ. ದನಿ ಏರಿಸಲಿಲ್ಲ. "ಹಾಸಿಗೆ ಹಿಡಿದ ಮೇಲೆ ಅವಳ ಮೈ ಒರೆಸಿದವನು ನಾನು. ಗಂಜಿ ಕುಡಿಸಿದವನು ನಾನು. ಹೊಳೆ ಆಚೆ ದಂಡೇಲಿ ಇದ್ದೆ ನೀನು. ಸೇತುವೆ ಏನು ಮುರಿದುಬಿದ್ದಿತ್ತಾ?"

ಫೆಲಿಸ್ಮಿನಾ ಸಿಟ್ಟಿನಿಂದ ಇನ್ನೊಂದು ಗುಂಡಿಗೆ ಕೈ ಹಾಕಿದಳು.

ಸತ್ತವಳ ಮಗಳು ಗ್ರಾಸಾ ಎದ್ದು ಬಂದು ಆ ಕೈ ಹಿಡಿದಳು. "ಬಿಡು ಚಿಕ್ಕಮ್ಮ. ಇದನ್ನ ಅಪ್ಪ ಹಾಕಿಸಿದ್ದಲ್ಲ. ಅಮ್ಮನೇ ಹೇಳಿದ್ದು."

"ಸುಳ್ಳು."

"ನನ್ನ ಹತ್ರ ಹೇಳಿದ್ದು. 'ಕೆಂಪುದನ್ನೇ ಉಡಿಸು ಗ್ರಾಸಾ. ಫೆಲಿಸ್ಮಿನಾಗೆ ಸುದ್ದಿ ಮುಟ್ಲಿ. ಸಾವಿಗೆ ಬರದಿದ್ರೂ ಸಿಟ್ಟಿಗಾದ್ರೂ ಬರ್ತಾಳೆ' ಅಂದ್ಲು. ನಕ್ಕಳು ಕೂಡ. ಆಮೇಲೆ ಕೆಮ್ಮು ಬಂತು."

ಫೆಲಿಸ್ಮಿನಾಳ ಬೆರಳುಗಳು ಕಸೂತಿಯ ಮೇಲೆ ನಿಂತುಬಿಟ್ಟವು. ನಿನ್ನೆ ಸುದ್ದಿ ಬಂದಾಗ ಅವಳು ಬರುವುದಿಲ್ಲವೆಂದೇ ಹೇಳಿ ಕಳಿಸಿದ್ದಳು. ಬೆಳಿಗ್ಗೆ ಹಾಲಿನವನು ಬಂದು, ನಿಮ್ಮಕ್ಕನನ್ನು ತಂಡದ ಕೆಂಪು ಉಡುಪಿನಲ್ಲಿ ಮಲಗಿಸಿದ್ದಾರೆ, ಮದುವಣಗಿತ್ತಿಯ ಹಾಗೆ ಕಾಣುತ್ತಾಳೆ ಎಂದ ಮೇಲೆಯೇ ಬಾಗಿಲಿಗೆ ಅಗಳಿಯನ್ನೂ ಹಾಕದೆ ಹೊರಟುಬಂದಿದ್ದಳು.

"ಕಳ್ಳಿ," ಎಂದಳು ಹೆಣದ ಮುಖ ನೋಡುತ್ತ. "ಸತ್ತ ಮೇಲೂ ನನ್ನ ಕಿವಿ ಹಿಡಿದು ಎಳೆದು ತಂದಿದೀಯಲ್ಲೇ."

ಆಮೇಲೆ ಬಿಚ್ಚಿದ ಗುಂಡಿಗಳನ್ನು ತಾನೇ ಹಾಕಿದಳು. ಹಲ್ಲು ಕಚ್ಚಿಕೊಂಡು ಹಾಕಿದಳು.

*

ಚಿಕ್ಕಂದಿನಲ್ಲಿ ಅಕ್ಕತಂಗಿಯರು ಸಾಹುಕಾರನ ಮುಸುಕಿನ ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಸಾಹುಕಾರ ಕರೀ ಕೊಡೆ ಬಿಡಿಸಿಕೊಂಡು ಬದುವಿನ ಮೇಲೆ ಕೂತು, ಯಾರ ಬೆನ್ನು ನೆಟ್ಟಗಾಯಿತು ಎಂದು ನೋಡುತ್ತಿದ್ದ. ಬಗ್ಗಿದ ಹೆಂಗಸರು ಬಗ್ಗಿಕೊಂಡೇ ಹಾಡುತ್ತಿದ್ದರು:

ಕೊಡೆಯ ನೆರಳು ನಿನಗೆ, ಸುಡುವ ಬಿಸಿಲು ನಮಗೆ,
ಕಡೆಗೆ ಮಣ್ಣೊಂದೇ, ಸಾಹುಕಾರ;
ಹಿಡಿದ ಗುದ್ದಲಿಯಲ್ಲೆ ಜೋಳದ ಕಳೆ ಕಿತ್ತೇವು,
ಮಡಗೋಕೆ ನಿನಗೂ ಕುಣಿ ತೋಡೇವು.

ಫೆಲಿಸ್ಮಿನಾ ಕೆಳಗಿನ ದನಿ ಹಿಡಿಯುತ್ತಿದ್ದಳು. ಉಳಿದವರು ಅವಳ ಜೊತೆ. ಹಾಡಿನ ಸಾಲಿನ ಕೊನೆಗೆ ಎಲ್ಲರೂ ಒಂದೇ ಸ್ವರದಲ್ಲಿ ನಿಂತಾಗ ಅಕ್ಕ ಅಲ್ಬರ್ಟೀನಾಳ ದನಿ ಮೇಲಕ್ಕೇರುತ್ತಿತ್ತು. ಇಂಪಾದ ದನಿಯಲ್ಲ ಅದು. ಕುಡುಗೋಲು ಮಸೆದ ಹಾಗಿತ್ತು. ಹೊಳೆಯಾಚೆ ದನ ಮೇಯಿಸುವವರು ತಲೆಯೆತ್ತುತ್ತಿದ್ದರು. ಸಾಹುಕಾರನಿಗೆ ಪದಗಳು ಕೇಳಿಸುತ್ತಿದ್ದವು. ಆದರೆ ಹೆಂಗಸರ ಸಾಲಿನಲ್ಲಿ ಯಾರನ್ನೆಂದು ಹಿಡಿದು ಬೈಯುವುದು? ಬಾಯಿ ನೋಡೋಣವೆಂದರೆ ಕಾಣುತ್ತಿದ್ದುದು ಬರೀ ಬೆನ್ನು.

ಕುಸ್ತೋದಿಯು ತಂಡ ಕಟ್ಟಿದ್ದು ಸರ್ವಾಧಿಕಾರದ ಕಾಲದಲ್ಲಿ. ಪಾದ್ರಿಗಳು ಆಶೀರ್ವಾದ ಮಾಡಿದರು, ಪೇಟೆಯ ದೊಡ್ಡವರು ಬಟ್ಟೆ ಕೊಡಿಸಿದರು. ಬರಿಗಾಲಲ್ಲಿ ಓಡಾಡುತ್ತಿದ್ದ ಹುಡುಗಿಯರಿಗೆ ಕಸೂತಿಯ ಪಾದರಕ್ಷೆ ಬಂತು, ಎರವಲು ತಂದ ಚಿನ್ನದ ಸರ ಬಂತು. ಹಾಡಿಗೂ ಹೊಸ ಉಡುಪು ಬಂತು. ಸಾಹುಕಾರ ಹೋಗಿ ಅಲ್ಲಿ ನಲ್ಲ ಬಂದ. ಕೊಡೆಯ ಕೆಳಗೆ ಅವನೂ ಅವಳೂ ನಿಂತು ನಗುವಂತಾಯಿತು.

"ಇದು ಯಾವ ಹಾಡು?" ಎಂದು ಮೊದಲ ಅಭ್ಯಾಸದಲ್ಲೇ ಕೇಳಿದವಳು ಫೆಲಿಸ್ಮಿನಾ.

"ನಮ್ಮೂರಿನ ಹಾಡೇ. ಸ್ವಲ್ಪ ತೊಳೆದಿದೀನಿ, ಅಷ್ಟೇ," ಎಂದಿದ್ದ ಕುಸ್ತೋದಿಯು ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡು. "ಇದ್ದ ಹಾಗೇ ಹಾಡಿದ್ರೆ ಜೈಲಲ್ಲಿ ಕೂತು ಹಾಡ್ಬೇಕಾಗುತ್ತೆ. ಮತ್ತೆ ಅಲ್ಬರ್ಟೀನಾ, ಆ ಮೇಲಿನ ಕೂಗು ಬೇಡ. ಸಭೇಲಿ ಕಿವಿಗೆ ಹೊಡೆಯುತ್ತೆ. ನಗ್ತಾ ಹಾಡು."

ಅಲ್ಬರ್ಟೀನಾ ನಕ್ಕಳು. ಅವನನ್ನು ಮದುವೆಯಾಗುವವಳಿದ್ದಳು. ಫೆಲಿಸ್ಮಿನಾ ತಲೆಯ ವಸ್ತ್ರ ಬಿಚ್ಚಿ ಬೆಂಚಿನ ಮೇಲೆಸೆದು ಹೊರಗೆ ಬಂದಳು.

ಆ ಸರ್ಕಾರ ಬಿದ್ದ ವರ್ಷ ಅವಳು ಅಕ್ಕನ ಮನೆಗೆ ಓಡೋಡಿ ಬಂದಿದ್ದಳು. ಅಲ್ಬರ್ಟೀನಾ ತಂಡದ ಒಳಲಂಗಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು.

"ಇನ್ಯಾರ ಭಯ ಅಕ್ಕ? ಈ ಭಾನುವಾರ ಅಸಲಿ ಹಾಡು ಹಾಡ್ಸು."

ಅಲ್ಬರ್ಟೀನಾ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಲಿಲ್ಲ. "ಜನಕ್ಕೆ ಇದೇ ರೂಢಿಯಾಗಿದೆ ಕಣೆ. ಅವರಿಗೂ ಬೇಜಾರಾಗುತ್ತೆ."

"ಯಾರಿಗೆ, ಜನಕ್ಕಾ? ನಿನ್ನ ಗಂಡಂಗಾ?"

"ನಿಂಗೆ ಗಂಡ ಇಲ್ಲ. ನಿಂಗೆ ಗೊತ್ತಾಗಲ್ಲ."

ಫೆಲಿಸ್ಮಿನಾ ಅಂದು ಸೇತುವೆ ದಾಟಿದವಳು ಮತ್ತೆ ಈಚೆ ದಂಡೆಗೆ ಬಂದದ್ದು ಇವತ್ತೇ.

*

ಹನ್ನೊಂದಕ್ಕೆ ಶವಪೆಟ್ಟಿಗೆ ಎತ್ತಿದರು. ಮುಂದೆ ತಂಡದ ಬಾವುಟ, ಹಿಂದೆ ಎರಡು ಸಾಲು ಕುಣಿತದವರು. ಪಾದ್ರಿಯ ಪ್ರಾರ್ಥನೆ ಮುಗಿದರೆ ನೇರ ವೇದಿಕೆಗೆ ಹೋಗಬೇಕಿದ್ದುದರಿಂದ ಕುಣಿತದ ಸಾಮಾನನ್ನೂ ಹೊತ್ತು ತಂದಿದ್ದರು. ಒಬ್ಬಳ ತಲೆಯ ಮೇಲೆ ಬುಟ್ಟಿ, ಒಬ್ಬಳ ಕಂಕುಳಲ್ಲಿ ಕೊಡ, ನಾಲ್ಕಾರು ಹೆಂಗಸರ ಹೆಗಲಿನಲ್ಲಿ ಗುದ್ದಲಿ. ಗುದ್ದಲಿಗಳ ಕಾವಿಗೆ ಬಣ್ಣ ಬಳಿದು ಹೂ ಬರೆದಿತ್ತು. ಅವು ಎಂದೂ ಮಣ್ಣು ಕಂಡಿರಲಿಲ್ಲ.

"ಇದನ್ನ ಹೊತ್ಕೊಂಡು ಬರೋಕೆ ನಾಚಿಕೆಯಾಗಲ್ವೇನೆ?" ಫೆಲಿಸ್ಮಿನಾ ಪಕ್ಕದಲ್ಲಿ ನಡೆಯುತ್ತಿದ್ದ ಜಾಸಿಂತಾಳನ್ನು ಕೇಳಿದಳು. ಜಾಸಿಂತಾ ಒಂದು ಕಾಲದಲ್ಲಿ ಅದೇ ಹೊಲದಲ್ಲಿ ಜೊತೆಗೆ ಬಗ್ಗಿದವಳು, ಈಗ ತಂಡದಲ್ಲಿ ಎಲ್ಲರಿಗಿಂತ ಹಿರಿಯಳು.

"ಆಗುತ್ತೆ," ಎಂದಳು ಜಾಸಿಂತಾ. "ಮನೇಲಿ ಒಬ್ಬಳೇ ಕೂತಿರೋದಕ್ಕಿಂತ ನಾಚಿಕೆಯೇ ವಾಸಿ. ನೀನು ಸಿಟ್ಟು ಮಾಡ್ಕೊಂಡು ಆಚೆ ಹೋದೆ. ನಾವೆಲ್ಲ ಎಲ್ಲಿಗೆ ಹೋಗ್ಬೇಕಿತ್ತು?"

ಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿ ನೀರು ಚಿಮುಕಿಸಿ ಹಿಂದೆ ಸರಿದರು. ಕುಸ್ತೋದಿಯು ಅಕಾರ್ಡಿಯನ್ ಹೆಗಲಿಗೇರಿಸಿಕೊಂಡ. "ಅವಳಿಗೆ ಇಷ್ಟವಾದ ಹಾಡು," ಎಂದು ಕೊಡೆಯ ಹಾಡನ್ನು ಶುರುಮಾಡಿದ. ತಂಡದವರು ರೂಢಿಯಂತೆ ಬಾಯಿ ತೆರೆದರು: ಕೊಡೆಯ ನೆರಳು ನಮಗೆ, ಗಿಡದ ಹೂವು ನಿನಗೆ...

ಫೆಲಿಸ್ಮಿನಾ ಕಾಯಲಿಲ್ಲ. ಮುದಿ ಗಂಟಲನ್ನು ಕೆರೆದುಕೊಂಡು ಅವರ ಮೇಲೆಯೇ ಹಾಡಿದಳು. *ಸುಡುವ ಬಿಸಿಲು ನಮಗೆ.* ಕುಸ್ತೋದಿಯು ಅವಳತ್ತ ತಿರುಗಿ ಅಕಾರ್ಡಿಯನ್ ಜೋರಾಗಿ ಒತ್ತಿದ. ಅವಳೂ ಜೋರಾದಳು. ಗುಂಡಿಯ ಎರಡು ದಡಗಳಲ್ಲಿ ನಿಂತು ಇಬ್ಬರು ಮುದುಕರು ಒಂದೇ ರಾಗದಲ್ಲಿ ಜಗಳಾಡಿದರು. ಪಾದ್ರಿ ಕಣ್ಣು ಮುಚ್ಚಿಕೊಂಡರು.

ಜಾಸಿಂತಾ ಮೊದಲು ಹಾಡು ನಿಲ್ಲಿಸಿದಳು. ಮತ್ತೆ ಬಾಯಿ ತೆರೆದಾಗ ಅವಳು ಫೆಲಿಸ್ಮಿನಾಳ ಪದ ಹಿಡಿದಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಅವ್ವಂದಿರ ಬಾಯಲ್ಲಿ ಕೇಳಿ ಮರೆತಿದ್ದವರು ಒಬ್ಬೊಬ್ಬರಾಗಿ ಸೇರಿದರು. ಗ್ರಾಸಾಗೆ ಪದಗಳು ಬರುತ್ತಿರಲಿಲ್ಲ. ಚಿಕ್ಕಮ್ಮನ ತುಟಿ ನೋಡಿಕೊಂಡು ಹೇಳಿದಳು.

ಹಾಡಿನ ಸಾಲಿನ ಕೊನೆ ಬಂತು. ಎಲ್ಲರೂ ಒಂದೇ ಸ್ವರದಲ್ಲಿ ನಿಂತರು. ಮೇಲಕ್ಕೇರಬೇಕಾದ ದನಿ ಏರಲಿಲ್ಲ. ಅದರ ಜಾಗ ತುಂಬಲು ಯಾರೂ ಹೋಗಲೂ ಇಲ್ಲ. ಅದರ ಹೊತ್ತು ಕಳೆಯಲು ಬಿಟ್ಟು ಮುಂದಿನ ಸಾಲಿಗೆ ಹೋದರು.

ಅಕಾರ್ಡಿಯನ್ ನಿಂತಿತ್ತು. ಕುಸ್ತೋದಿಯು ಅದರ ಪಟ್ಟಿ ಬಿಗಿದ. "ಹೂಳೋ ದಿನವೂ ನನಗೆ ಅವಮಾನ ಮಾಡ್ದೆ," ಎಂದ.

"ನಿನಗಲ್ಲ ಕುಸ್ತೋದಿಯು. ಇವತ್ತು ನಿನ್ನ ನೆನಪೂ ಇಲ್ಲ ನನಗೆ."

"ನಡೀರಿ," ಎಂದ ಅವನು ತಂಡದವರಿಗೆ. "ಅತಿಥಿಗಳು ಕಾಯ್ತಿದಾರೆ." ಬಾವುಟದವನೂ ಕೆಲವು ಗಂಡಸರೂ ಅವನ ಹಿಂದೆ ಹೋದರು. ಗೇಟಿನ ಹತ್ತಿರ ಕುಸ್ತೋದಿಯು ಒಮ್ಮೆ ನಿಂತು ಗುಂಡಿಯ ಕಡೆ ನೋಡಿ ಟೊಪ್ಪಿ ತೆಗೆದ. ಮತ್ತೆ ಹಾಕಿಕೊಂಡು ಇಳಿಜಾರು ಇಳಿದ.

ಗುಂಡಿ ಮುಚ್ಚುವವನು ಸನಿಕೆ ಹಿಡಿದು ಮುಂದೆ ಬಂದಾಗ ಜಾಸಿಂತಾ ಅವನಿಗೆ ಅಡ್ಡ ಕೈ ಹಿಡಿದಳು. ಹೆಗಲಿನ ಗುದ್ದಲಿ ಇಳಿಸಿ ಫೆಲಿಸ್ಮಿನಾಳ ಕೈಗೆ ಕೊಟ್ಟಳು, ತಾನು ಇನ್ನೊಬ್ಬಳದು ತೆಗೆದುಕೊಂಡಳು.

ಕೆಳಗೆ ಚೌಕದಲ್ಲಿ ಧ್ವನಿವರ್ಧಕ ಊರಿನ ತಂಡವನ್ನು ಹೆಸರು ಹಿಡಿದು ಕರೆಯುತ್ತಿತ್ತು. ಮೇಲೆ ಹೆಂಗಸರು ಕಸೂತಿಯ ಲಂಗಗಳನ್ನು ಮೊಣಕಾಲಿನ ತನಕ ಎತ್ತಿಕಟ್ಟಿ, ಪಾದರಕ್ಷೆ ಕಳಚಿಟ್ಟು, ಸಾಲಾಗಿ ಬಗ್ಗಿ ಗುಂಡಿಗೆ ಮಣ್ಣೆಳೆಯುತ್ತಿದ್ದರು. ಕೊರಳಿನ ಚಿನ್ನದ ಸರಗಳು ತೂಗಾಡಿ ಗುದ್ದಲಿಯ ಕಾವಿಗೆ ತಾಗುತ್ತಿದ್ದವು. ಕಾವಿನ ಮೇಲೆ ಬರೆದ ಹೂಗಳು ಬೆವರಿಗೆ ಕರಗಿ ಅಂಗೈಗೆ ಮೆತ್ತಿಕೊಳ್ಳುತ್ತಿದ್ದವು.