ನೆಲದ ಪಾಲು

ಜೋಗಿಯ ಕರಿಯ ಅಂಥಿಂಥ ನಾಯಿಯಲ್ಲ. ಮೊಲ ಹಿಡಿದರೆ ತೊಗಲಿಗೆ ಹಲ್ಲು ನಾಟದ ಹಾಗೆ ಬಾಯಲ್ಲಿ ಮೆಲ್ಲಗೆ ಹಿಡಿದು ತರುತ್ತಿತ್ತು. ತಂದದ್ದನ್ನು ಇಡುತ್ತಿದ್ದುದು ಜೋಗಿಯ ಮುಂದಲ್ಲ, ಹೊಲದ ಯಜಮಾನನ ಕಾಲ ಬಳಿ. ಯಾರ ನೆಲದಲ್ಲಿ ಬೇಟೆಯೋ ಅವರಿಗೆ ಒಂದು ತೊಡೆ. ಅದು ನೆಲದ ಪಾಲು. ಕಾಡಂಚಿನಲ್ಲಿದ್ದ ಜೋಗಿಯವರ ಹಾಡಿಯಿಂದ ಕೋಟೆ ಊರಿನ ಬಸ್ಸು ರಸ್ತೆಗೆ ಹೋಗುವ ಕಾಲುದಾರಿ ಗೋವಿಂದಯ್ಯನ ಹೊಲದ ನಡುವೆಯೇ ಇತ್ತು. ಆ ಮುದುಕ ಇರುವವರೆಗೂ ಜನವನ್ನಾಗಲಿ ನಾಯಿಯನ್ನಾಗಲಿ ತಡೆದವನಲ್ಲ. ಮರಿಯಾಗಿದ್ದ ಕರಿಯನಿಗೆ ಮುದ್ದೆಯ ಚೂರು ಕೊಟ್ಟು ಪಾಲು ಒಪ್ಪಿಸುವುದನ್ನು ಕಲಿಸಿದ್ದೂ ಅವನೇ.

ಅಪ್ಪ ಸತ್ತದ್ದೇ ತಡ, ಮಗ ನಟರಾಜು ಹೊಲಕ್ಕೆಲ್ಲ ಶುಂಠಿ ಹಾಕಿದ. ಶುಂಠಿ ಬಂತು, ಮನುಷ್ಯತ್ವ ಹೋಯಿತು. ನಾಯಿಗಳು ಶುಂಠಿಯ ಮಡಿ ತುಳಿಯುತ್ತವೆ ಎಂದು ದಾರಿಯ ಎರಡು ಕೊನೆಗೂ ಅಡ್ಡಲಾಗಿ ಮುಳ್ಳುಬೇಲಿ ಬಡಿದ. ರಸ್ತೆ ಬೇಕಾದವರು ಕಾಡಂಚಿಗೆ ಆನೆ ತಡೆಯಲು ತೋಡಿದ ಕಂದಕ ಸುತ್ತಿಕೊಂಡು ದೂರದ ದಾರಿಯಲ್ಲಿ ಹೋಗಲಿ ಎಂದ. ಆ ಮಳೆಗಾಲದಲ್ಲೇ ಜೋಗಿಯ ಹೆಂಡತಿ ಬೆಳ್ಳಮ್ಮನಿಗೆ ಹೆರಿಗೆ ನೋವು ಬಂತು. ಕಂಬಳಿಯಲ್ಲಿ ಹೊತ್ತುಕೊಂಡು ಬಂದು ಬೇಲಿಯ ಮುಂದೆ ನಿಂತು ಅಂಗಲಾಚಿದರೂ ನಟರಾಜು ಬಿಡಲಿಲ್ಲ. ಕಂದಕ ಸುತ್ತಿ ರಸ್ತೆ ಸೇರುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

ಮಣ್ಣು ಮಾಡಿ ಬಂದವನೇ ಜೋಗಿ ಬೇಲಿ ಕಿತ್ತೆಸೆದು, ಕರಿಯನನ್ನು ಮುಂದೆ ಬಿಟ್ಟುಕೊಂಡು ಶುಂಠಿಯ ನಡುವೆಯೇ ನಡೆದ. ನಟರಾಜು ಪಿಕಾಸಿ ಕಾವಿನಲ್ಲಿ ಅವನ ಎರಡು ಹಲ್ಲು ಉದುರಿಸಿದ. ಬೇಲಿ ಮತ್ತೆ ಎದ್ದಿತು. ಅಷ್ಟಕ್ಕೇ ತಣಿಯದೆ ಆ ಪಾಪಿ, ಹಂದಿಗೆ ಇಡುವ ಸಿಡಿಮದ್ದನ್ನು ಕೊಬ್ಬಿನಲ್ಲಿ ಉಂಡೆ ಕಟ್ಟಿ ಹಳೇ ದಾರಿಯ ಮೇಲಿಟ್ಟ. ನಾಯಿ ಕಚ್ಚಿದರೆ ಮೂತಿ ಚೂರಾಗಲಿ ಎಂದು.

ಮಾರನೆಯ ಬೆಳಿಗ್ಗೆ ಜೋಗಿ ಮಗಳು ಸವಿತಾಳ ಜೊತೆ ಬೇಲಿಯ ಹೊರಗೆ ಸೌದೆ ಹೊತ್ತು ಬರುತ್ತಿದ್ದ. ಕರಿಯ ಬೇಲಿಯಡಿ ನುಸುಳಿತು. ಮರುಗಳಿಗೆಗೆ ಬಾಯಲ್ಲಿ ಉಂಡೆ ಹಿಡಿದು ತಲೆಯೆತ್ತಿತು. ಅದು ಸಿಡಿಮದ್ದೆಂದು ಜೋಗಿಗೆ ನೋಡಿದೊಡನೆ ತಿಳಿಯಿತು. ಆದರೆ ನಾಯಿ ಉಂಡೆಯನ್ನು ಕಚ್ಚಿರಲಿಲ್ಲ, ಮೊಲದ ಹಾಗೆ ಮೆಲ್ಲಗೆ ಹಿಡಿದಿತ್ತು. ಬಾಲ ಅಲ್ಲಾಡಿಸುತ್ತಾ ಪಂಪ್‌ಹೌಸಿನ ಮುಂದೆ ನಿಂತಿದ್ದ ನಟರಾಜುವಿನ ಕಡೆಗೆ ಹೊರಟಿತು. ಪಾಲು ಒಪ್ಪಿಸಬೇಕಲ್ಲ!

ಸುಮ್ಮನಿದ್ದರೆ ನಟರಾಜುವಿನ ಕತೆ ಮುಗಿದೇ ಹೋಯಿತು ಎಂದು ಜೋಗಿಗೆ ಅನ್ನಿಸದೆ ಇರಲಿಲ್ಲ. ಆದರೆ ನಾಯಿ ತನ್ನದು. ಸೌದೆ ಬಿಸಾಕಿ, ಬೇಲಿಯ ಮೇಲೆ ಬಿದ್ದು, ಮೈಯೆಲ್ಲ ತರಚಿಕೊಂಡು ಓಡಿದ.

"ಬುದ್ಧೀ, ನಾಯಿಗೆ ಒಡೀಬ್ಯಾಡಿ! ಅಲ್ಲಾಡ್ದಂಗೆ ನಿಂತ್ಕಳಿ, ನಾನು ಈಸ್ಕತೀನಿ!"

ಹಾಡಿಯವನ ಮಾತು ಕೇಳುವ ಜಾಯಮಾನವೇ ಅವನದು? ನಾಯಿ ಕಾಲ ಬಳಿ ಬಂದು ತಲೆ ತಗ್ಗಿಸುತ್ತಿದ್ದ ಹಾಗೆಯೇ ನಟರಾಜು ಅದರ ಬಾಯಲ್ಲೇನಿದೆ ಎಂದೂ ನೋಡದೆ ಅದೇ ಪಿಕಾಸಿ ಕಾವನ್ನು ಎತ್ತಿ ಅದರ ನೆತ್ತಿಗೆ ಬಿಟ್ಟ. ಏಟಿಗೆ ದವಡೆ ಕಚ್ಚಿಕೊಂಡಿತು.

ಹೊಗೆ ಇಳಿದಾಗ ಕರಿಯನಿಗೆ ತಲೆಯಿರಲಿಲ್ಲ. ನಟರಾಜುವಿನ ಬಲಗಾಲು ಮೊಣಕಾಲಿನ ಕೆಳಗೆ ತೊಗಲಲ್ಲಿ ನೇತಾಡುತ್ತಿತ್ತು. ನೆತ್ತರು ಮಡಿಯಿಂದ ಮಡಿಗೆ ಹರಿಯಿತು.

ಜೋಗಿ ಮೊದಲು ನಾಯಿಯನ್ನು ತನ್ನ ಟವಲಿನಲ್ಲಿ ಮುಚ್ಚಿದ. ಆಮೇಲೆ ನಟರಾಜುವಿನ ತೊಡೆಗೆ ಅವನದೇ ಪಂಚೆಯ ಅಂಚು ಬಿಗಿದು ಬೆನ್ನಿಗೆ ಹಾಕಿಕೊಂಡ. ಹಳೇ ದಾರಿಯ ಆ ಕೊನೆಯಲ್ಲಿ, ಬೇಲಿಯಾಚೆ, ಕೋಟೆ ಬಸ್ಸು ಹಾರನ್ ಹೊಡೆಯುತ್ತಾ ಬರುವುದು ಕೇಳಿಸುತ್ತಿತ್ತು. ಅಪ್ಪನ ಹಿಂದೆಯೇ ಬೇಲಿ ದಾಟಿ ಬಂದಿದ್ದ ಸವಿತಾ ಮುಂದೆ ಓಡಿ ಆ ಕೊನೆಯ ಮುಳ್ಳಿಗೆ ಕೈಹಾಕಿದಳು.

"ಬುಡು ಮಗ," ಎಂದ ಜೋಗಿ. "ಆ ಬೇಲಿ ಅವರ್ದು."

ಅವನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ತಾನು ಬಿದ್ದು ಬಗ್ಗಿಸಿದ್ದ ಬೇಲಿ ದಾಟಿ, ಕಂದಕದ ಕಡೆಗೆ ತಿರುಗಿದ. ಬೆನ್ನ ಮೇಲಿದ್ದವನಿಗೆ ಅರ್ಥವಾಯಿತು. ಬೇಲಿ ಕೀಳಲಾ, ನಾನೇ ಹೇಳ್ತಿದೀನಿ ಕೀಳಲಾ ಎಂದು ಕೂಗಿದ, ಬೈದ, ಜೋಗಿಯ ಕಿವಿಯನ್ನೇ ಹಿಡಿದೆಳೆದ, ಕೊನೆಗೆ ಅಪ್ಪಾ ಎಂದು ಅತ್ತ. ಬೆಳ್ಳಮ್ಮನೂ ಹೀಗೇ ಅತ್ತಿದ್ದಳು. ಕಂದಕದ ಸುತ್ತು ಅರ್ಧ ಮುಗಿಯುವಷ್ಟರಲ್ಲಿ ಅವನ ದನಿ ನಿಂತುಹೋಯಿತು. ಜೋಗಿ ಅದೇ ನಿಧಾನದಲ್ಲಿ ನಡೆಯುತ್ತಲೇ ಇದ್ದ.