ಎಂಜಲು ಶಾಯಿ

ವಕೀಲರ ಪೆನ್ನು ಕಂಡರೆ ಟೈಪಿಸ್ಟ್ ಹುಡುಗಿಗೆ ಮೂರು ವರ್ಷದಿಂದ ಹೇಸಿಗೆ. ಅವರಪ್ಪನ ಕಾಲದ ಪೆನ್ನು, ಪಕ್ಕದಲ್ಲೊಂದು ಹಿತ್ತಾಳೆಯ ಲಿವರ್. ನಿಬ್ಬನ್ನು ಶಾಯಿಯಲ್ಲಿ ಅದ್ದಿ ಲಿವರನ್ನು ಉಗುರಿನಿಂದ ಎತ್ತಿದರೆ ಒಳಗಿನ ರಬ್ಬರ್ ಚೀಲ ಬುಳುಬುಳು ತೇಗುತ್ತಿತ್ತು. ಬಿಟ್ಟರೆ ಶಾಯಿ ಹೀರುತ್ತಿತ್ತು. ಹೀರಿ ಸುಮ್ಮನಿರುತ್ತಿತ್ತೇ? ತುಂಬಿದ ಕೂಡಲೇ ಕಕ್ಕುತ್ತಿತ್ತು, ಐದು ನಿಮಿಷ ಬಿಟ್ಟರೆ ಒಣಗಿ ಹಟ ಹಿಡಿಯುತ್ತಿತ್ತು. ಆಗ ವಕೀಲರು ನಿಬ್ಬನ್ನು ನಾಲಿಗೆಯ ಮೇಲಿಟ್ಟು ಚಪ್ಪರಿಸುವರು. ಸಹಿ ಮೂಡುವುದು. ತುಟಿಯ ಮೂಲೆಯಲ್ಲಿ ನೀಲಿ ಜೊಲ್ಲು ಉಳಿಯುವುದು. ಆ ಕಾಗದಗಳನ್ನೆಲ್ಲ ಅವಳು ಅಂಚು ಹಿಡಿದೇ ಎತ್ತುತ್ತಿದ್ದಳು.

ಇವತ್ತಿನದು ಅವಳದೇ ಕಾಗದ, ಅನುಭವ ಪತ್ರ. ಮಧ್ಯಾಹ್ನ ಒಂದು ಗಂಟೆಯೊಳಗೆ ಎದುರು ಕಟ್ಟಡದ ಆಫೀಸಿಗೆ ಮುಟ್ಟಿಸದಿದ್ದರೆ ಹೊಸ ಕೆಲಸ ಇನ್ನೊಬ್ಬಳ ಪಾಲು. ವಕೀಲರು ಬಂದಾಗ ಹನ್ನೆರಡೂವರೆ. ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ಅಮುಕಿಕೊಂಡು ಬಂದಿದ್ದರು.

ಸೀಸೆಯ ತಳದ ಶಾಯಿಯನ್ನೆಲ್ಲ ಪೆನ್ನಿಗೆ ತುಂಬಿ ಸಹಿಗೆ ಬಗ್ಗಿದರು. ತೊಪ್! ಅವಳ ಹೆಸರಿನ ಮೇಲೆ ಗೋಲಿಯಷ್ಟು ಕಲೆ. ಅವಳು ಹಲ್ಲು ಕಚ್ಚಿ ಮತ್ತೆ ಟೈಪು ಮಾಡಿ ತಂದಳು. ಅಷ್ಟರಲ್ಲಿ ನಿಬ್ಬು ಒಣಗಿತ್ತು.

"ಬೇರೆ ಪೆನ್ ಕೊಡ್ಲಾ ಸರ್?"

"ಬೇರೆದ್ರಲ್ಲಿ ಹಾಕಿದ್ರೆ ಅದು ನನ್ ಥಹಿನೇ ಅಲ್ಲ."

"ಒಂದ್ ತೊಟ್ಟು ನೀರು?"

"ಥಾಯಿ ಮಾಥುತ್ತೆ!"

"ಶಾಯಿ ಮಾಸುತ್ತಂತಮ್ಮ," ಎಂದರು ಮೂಲೆಯಿಂದ ಗುಮಾಸ್ತರು, ತಲೆ ಎತ್ತದೆ.

ಅಭ್ಯಾಸಬಲದಿಂದ ವಕೀಲರು ಪೆನ್ನನ್ನು ಬಾಯಿಗಿಟ್ಟರು. ನಾಲಿಗೆ ಸಿಗಲಿಲ್ಲ. ನಿಬ್ಬಿಗೆ ಹತ್ತಿಯ ಕೆಂಪು ಎಳೆಯೊಂದು ಅಂಟಿಕೊಂಡು ಬಂತು. ಪೆನ್ನನ್ನು ಹಾಗೇ ಗುಮಾಸ್ತರತ್ತ ಚಾಚಿದರು.

"ಅಯ್ಯೋ, ನಂಗೆ ಬಾಯಿಹುಣ್ಣು ಸರ್. ಅವಳ ಕಾಗದ, ಅವಳ ನಾಲಿಗೆ. ನೆಕ್ಕಮ್ಮ ತಾಯಿ, ಬೇಗ."

ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ ಉಳಿದಿತ್ತು. ಅವಳು ಆ ಎಳೆಯನ್ನು ಕರ್ಚೀಫಿನಿಂದ ಕಿತ್ತಳು. ನಿಬ್ಬನ್ನು ಒರೆಸಿದಳು, ಮತ್ತೆ ಒರೆಸಿದಳು. ಉಸಿರು ಬಿಗಿಹಿಡಿದು ನಾಲಿಗೆಯ ಮೇಲಿಟ್ಟುಕೊಂಡಳು. ತುಕ್ಕು, ಕೊಳೆತ ರಬ್ಬರು, ಅದರಡಿಯಲ್ಲಿ ಬೆಚ್ಚಗೆ ಹಳಸಿದ ಇನ್ನೊಬ್ಬರ ಬಾಯಿ. ಗಂಟಲಿಗೆ ಬಂದದ್ದನ್ನು ನುಂಗಿದಳು.

ಸಹಿ ಬೆಣ್ಣೆಯಲ್ಲಿ ಎಳೆದಂತೆ ಮೂಡಿತು. ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ವಕೀಲರ ಮುಖ ಅರಳಿತು.

"ನಿನ್ ನಾಲಿಗೆ ಒಗ್ಗಿತು ನೋಡು! ಇನ್ನೂ ನಾಲ್ಕು ಕಾಗದ ಇದೆ," ಎಂದು ಪೆನ್ನನ್ನು ಮತ್ತೆ ಅವಳತ್ತ ಹಿಡಿದರು.

"ಅವರಿಗೆ ಕೊಡಿ ಸರ್. ಬಾಯಿಹುಣ್ಣಿಗೆ ನೀಲಿ ಔಷಧಿನೇ ಹಚ್ಚೋದು."

ಗುಮಾಸ್ತರು ಈಗ ತಲೆ ಎತ್ತಿದರು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಬೀದಿಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಉಗಿದಳು. ನೀಲಿ. ಮತ್ತೆ ಉಗಿದಳು. ಇನ್ನೂ ನೀಲಿ. ತುಟಿ ಬಿಗಿಮುಚ್ಚಿ, ಪತ್ರದ ಅಂಚು ಹಿಡಿದು, ಎದುರಿನ ಕಟ್ಟಡದೊಳಗೆ ಓಡಿದಳು.