ಪಾಲಿಗೆ ಬಂದ ಫಿಯಾಟು

ಕೆಟ್ಟುಹೋದ ವಸ್ತುವನ್ನು ಕೆಟ್ಟಿದೆ ಎಂದು ಶಂಕ್ರೆಪ್ಪನವರು ಎಂದೂ ಒಪ್ಪಿದವರಲ್ಲ. ಗೋಡೆಯ ಗಡಿಯಾರ ನಿಂತರೂ, ಕೊಳವೆಬಾವಿಯ ಮೋಟಾರು ಸುಟ್ಟು ಹೊಗೆಯಾಡಿದರೂ, ಕೊಡೆಯ ಕಡ್ಡಿಗಳೆಲ್ಲ ತಿರುವುಮುರುವಾಗಿ ಆಕಾಶ ನೋಡಿದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಕೆಟ್ಟಿಲ್ಲರೀ, ಮುನಿಸ್ಕೊಂಡದ." ಮುನಿಸಿಕೊಂಡದ್ದನ್ನು ಒಲಿಸಿಕೊಳ್ಳುವ ಸಾಮಗ್ರಿಯೆಲ್ಲ ಅವರ ಕಂದು ಕೋಟಿನ ಎಡಜೇಬಿನಲ್ಲಿರುತ್ತಿತ್ತು: ನಟ್ಟು, ಬೋಲ್ಟು, ವಾಷರು, ತಂತಿಯ ತುಂಡು, ಲೋಕದ ಯಾವ ಬೀಗಕ್ಕೂ ಸಲ್ಲದ ಕೀಲಿಕೈಗಳು. ಆ ಭಾರಕ್ಕೆ ದೇಹ ಸದಾ ಎಡಕ್ಕೆ ವಾಲಿ, ಅವರು ನಡೆದರೆ ತೂಕ ತಪ್ಪಿದ ತಕ್ಕಡಿಯೊಂದು ಬೀದಿಯಲ್ಲಿ ಬರುತ್ತಿರುವಂತೆ ಕಾಣುತ್ತಿತ್ತು. ತಾಂಡೂರಿನ ತೊಗರಿ ಪೇಟೆಯಾದ ಗಂಜ್‌ನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ನಮ್ಮಂಥವರು, ಅವರ ಮುಖಕ್ಕಿಂತ ಮೊದಲು ಜೇಬಿನ ಝಣಝಣ ಕೇಳಿ, ಅಂಗಡಿಯಲ್ಲಿ ಮುನಿಸಿಕೊಂಡಿರಬಹುದಾದ ಫ್ಯಾನು, ರೇಡಿಯೋಗಳ ವಿಷಯವನ್ನು ಎತ್ತದಿರಲು ಜಾಗ್ರತೆ ವಹಿಸುತ್ತಿದ್ದೆವು. ಏಕೆಂದರೆ ರಿಪೇರಿಯ ಮೇಲೆ ಅವರಿಗೆ ಅನುರಾಗ ಅಪಾರವಾಗಿತ್ತೇ ಹೊರತು ಕೈಗುಣ ಅಷ್ಟಾಗಿ ಇರಲಿಲ್ಲ. ಕರಣಕೋಟದ ಸಿಮೆಂಟು ಕಾರ್ಖಾನೆಯ ಉಗ್ರಾಣದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಬಿಡಿಭಾಗಗಳನ್ನು ಕೊಡುವುದು ಗೊತ್ತಿತ್ತು, ಅವು ಎಲ್ಲಿ ಕೂಡುತ್ತವೆಂಬುದು ಗೊತ್ತಿರಲಿಲ್ಲ.

ಇಂಥವರು ತಂದೆಯ ಆಸ್ತಿ ಪಾಲಾಗುವಾಗ ಮಾಡಿದ ವ್ಯವಹಾರವನ್ನು ನೆನೆದು ಗಂಜ್‌ನ ಹಿರಿಯರು ಈಗಲೂ ಹಣೆ ಒತ್ತಿಕೊಳ್ಳುವುದುಂಟು. ಅಣ್ಣ ಗುರುಬಸವಪ್ಪ ಜಹೀರಾಬಾದಿನಲ್ಲಿ ಅಂಗಡಿ ಹಾಕಿದ್ದ ಚತುರ, ನಮ್ಮ ಕಸುಬಿನವ. ಆದರೂ ತಮ್ಮನಿಗೆ ಅನ್ಯಾಯವಾಗಬಾರದೆಂದು ರೈಲು ನಿಲ್ದಾಣದ ಎದುರಿನ ಬೆಲೆಬಾಳುವ ಜಾಗವನ್ನು ಅವನಿಗೇ ಬಿಟ್ಟುಕೊಡಲು ಒಪ್ಪಿದ್ದ. ಶಂಕ್ರೆಪ್ಪನವರು ಆ ಜಾಗ ಬೇಡವೆಂದು, ಹಿತ್ತಲ ಬೇವಿನ ಮರದಡಿ ಗಾಲಿ ಹೂತು ನಿಂತಿದ್ದ ತಂದೆಯ ಫಿಯಾಟು ಕಾರನ್ನು ಕೇಳಿದರು. ಹೈದರಾಬಾದ್ ಸಂಸ್ಥಾನದ ಕಡೆಯ ದಿನಗಳಲ್ಲಿ ಕೊಂಡ ಪುಟ್ಟ ಕಾರು ಅದು. ಮುಂದಕ್ಕೆ ಚಾಚಿದ ಮೂತಿ ನೋಡಿ ಜನ ಅದಕ್ಕೆ ಡುಕ್ಕರ್ ಫಿಯಾಟು, ಎಂದರೆ ಹಂದಿ ಫಿಯಾಟು ಎನ್ನುತ್ತಿದ್ದರು. ಹುಡುಗರಾಗಿದ್ದಾಗ ಹಾರನ್ನು ಒತ್ತುವ ಸರದಿಗಾಗಿ ಅಣ್ಣತಮ್ಮಂದಿರು ಅದರಲ್ಲಿ ಪಕ್ಕದೂರು ಯಾಲಾಲಿನವರೆಗೂ ಕಿತ್ತಾಡಿದ್ದುಂಟು, ಯಾಲಾಲಿನಿಂದಾಚೆ ಒಬ್ಬರ ತೊಡೆಯ ಮೇಲೊಬ್ಬರು ನಿದ್ರಿಸಿದ್ದುಂಟು. ಆ ನಿದ್ರೆಯ ಬೆಲೆ ತಮ್ಮನಿಗೆ ನೆನಪಿತ್ತು, ಜಾಗದ ಬೆಲೆ ಅಣ್ಣನಿಗೆ ನೆನಪಿತ್ತು. ಪಂಚರ ಎದುರಿಗೇ ಗುರುಬಸವಪ್ಪ ಕನಲಿದ.

"ಜಾಗಾ ಬಿಟ್ಟು ಗುಜರಿ ಬೇಡ್ತಿ. ನೀ ಬದುಕಾಂವ ಅಲ್ಲ ಬಿಡು. ಈ ಡುಕ್ಕರ್ ಹಿತ್ತಲ ದಾಟೂದಿಲ್ಲ."

"ದಾಟ್ತದ," ಎಂದರು ಶಂಕ್ರೆಪ್ಪನವರು. "ಬಂದ್ರ ಇದರಾಗೇ ನಿನ್ನ ಬಾಗ್ಲಿಗಿ ಬರ್ತೀನಿ. ಇಲ್ಲಂದ್ರ ಬರಂಗಿಲ್ಲ."

ಅಲ್ಲಿಗೆ ಮಾತು ನಿಂತಿತು. ಮಕ್ಕಳ ಮದುವೆಗಳಾದವು, ಮೊಮ್ಮಕ್ಕಳ ತೊಟ್ಟಿಲಾದವು. ಹೆಂಗಸರು ಹೋಗಿ ಬಂದು ಮಾಡಿದರು, ಅಣ್ಣತಮ್ಮಂದಿರು ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯಲಿಲ್ಲ. ವಿಚಿತ್ರವೆಂದರೆ, ನಿಂತ ಗಡಿಯಾರ ಕಂಡಲ್ಲಿ ಕೋಟಿನ ತೋಳು ಮಡಿಸುತ್ತಿದ್ದ ಮನುಷ್ಯ ಆ ಕಾರನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದ ಮೇಲೆ ಅದು ನಿಜವಾಗಿಯೂ ಸತ್ತಿದೆ ಎಂದು ಗೊತ್ತಾಗಿಬಿಟ್ಟರೆ ಅಣ್ಣನ ಬಾಗಿಲಿನ ದಾರಿಯೂ ಅದರ ಜೊತೆಗೇ ಸತ್ತುಹೋಗುತ್ತದೆಂಬ ಭಯ ಅವರಿಗಿತ್ತು. ಆ ಭಯಕ್ಕೆ ಅವರು "ಪುರಸೊತ್ತಿಲ್ಲ" ಎಂದು ಹೆಸರಿಟ್ಟಿದ್ದರು.

ದಸರೆಯ ಬನ್ನಿ ಮಾತ್ರ ತಪ್ಪಲಿಲ್ಲ. ನಮ್ಮ ಕಡೆ ಬನ್ನಿಯ ಎಲೆಗೆ ಬಂಗಾರವೆಂದೇ ಹೆಸರು. ವೈರಿಯೇ ಆಗಿರಲಿ, ದಸರೆಯಲ್ಲಿ ಬಂಗಾರ ಕೊಟ್ಟ ಕೈಯನ್ನು ತಳ್ಳುವಂತಿಲ್ಲ, ಚಿಕ್ಕವರು ಹಿರಿಯರಿಗೆ ಮುಟ್ಟಿಸದೆ ಇರುವಂತಿಲ್ಲ. ಹಬ್ಬದ ಮರುದಿನ ಶಂಕ್ರೆಪ್ಪನವರು ಬನ್ನಿಯ ಪೊಟ್ಟಣ ಕಟ್ಟಿ, ಬಸ್ ನಿಲ್ದಾಣಕ್ಕೆ ಹೋಗಿ, ಜಹೀರಾಬಾದಿಗೆ ಹೊರಟ ಬಸ್ಸಿನ ಕಂಡಕ್ಟರನ ಕೈಗಿಡುತ್ತಿದ್ದರು. ಸಂಜೆ ಮರಳುವ ಬಸ್ಸಿನಲ್ಲಿ ಅಣ್ಣನ ಪೊಟ್ಟಣ ಬರುತ್ತಿತ್ತು. ಒಳಗೆ ಒಂದಕ್ಷರದ ಓಲೆ ಇಲ್ಲ, ಎಲೆ ಮಾತ್ರ. ಒಂದು ವರ್ಷ ಅಣ್ಣನ ಪೊಟ್ಟಣ ತಡವಾದಾಗ ಈ ಮನುಷ್ಯ ಊಟ ಸೇರದೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೇಳಿದವರಿಗೆ, ಬಸ್ಸಿನ ಬ್ರೇಕಿನ ಸದ್ದು ಕೇಳಲು ಬಂದಿದ್ದೇನೆ ಎಂದಿದ್ದರು.

ಹೀಗಿರಲು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಬಂತು. ಕಚೇರಿ ಮುಚ್ಚಿದವು, ಶಾಲೆ ಮುಚ್ಚಿದವು, ಬಸ್ಸುಗಳು ಡಿಪೋ ಸೇರಿದವು. ಹಬ್ಬ ಹತ್ತಿರ ಬಂದಂತೆ ಹೆಂಡತಿ ಗುರುಲಿಂಗಮ್ಮ, ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು: "ಬಸ್ ನಿಂತಾವ. ಬಂಗಾರ ಹ್ಯಾಂಗ ಕಳಸ್ತೀರಿ?"

ಮಗ ಶಿವಕುಮಾರ ತನ್ನ ಮೋಟಾರು ಸೈಕಲ್ಲಿನಲ್ಲಿ ಒಯ್ದು ಕೊಡುತ್ತೇನೆಂದ. ಶಂಕ್ರೆಪ್ಪನವರು ಬೇಡವೆಂದು ತಲೆಯಾಡಿಸಿದರು. ಬಸ್ಸಿನಲ್ಲಿ ಕಳಿಸಿದರೆ ಬಸ್ಸು ಒಯ್ದಂತೆ. ಮಗನನ್ನು ಕಳಿಸಿದರೆ, ನಾನು ಬರಲೊಲ್ಲೆ ಎಂದು ಹೇಳಿಕಳಿಸಿದಂತೆ. ಇಂಥ ಸೂಕ್ಷ್ಮಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಅಣ್ಣತಮ್ಮಂದಿರಲ್ಲಿ ನಿಲ್ಲುತ್ತವೆ. ಅವರು ಎದ್ದುಹೋಗಿ ಬೇವಿನ ಮರದಡಿಯ ಕಾರಿನ ಬಾನೆಟ್ಟು ಎತ್ತಿದರು. ಒಳಗೆ ಬೆಕ್ಕು ಮರಿ ಹಾಕಿತ್ತು.

ಚಳವಳಿ ರಾಜ್ಯಕ್ಕೆ ಏನು ಮಾಡಿತೋ ದೊಡ್ಡವರು ಹೇಳಲಿ. ಶಂಕ್ರೆಪ್ಪನವರಿಗಂತೂ ಸಂಬಳವಿಲ್ಲದ ಆಳುಗಳನ್ನು ಒದಗಿಸಿತು. ಶಿವಕುಮಾರ ತಹಸೀಲು ಕಚೇರಿಯ ಗುಮಾಸ್ತ, ಸೊಸೆ ಬಸವೇಶ್ವರಿ ಶಾಲಾಶಿಕ್ಷಕಿ, ಇಬ್ಬರೂ ಮುಷ್ಕರದಲ್ಲಿದ್ದವರು. ಬೆಳಿಗ್ಗೆ ಶಿಬಿರದಲ್ಲಿ ಕೂತು ಘೋಷಣೆ ಕೂಗಿ, ಮಧ್ಯಾಹ್ನ ಹಿತ್ತಲಿಗೆ ಬಂದು ತುಕ್ಕು ತಿಕ್ಕುತ್ತಿದ್ದರು. ಮೆಕ್ಯಾನಿಕ್ ಕಾಶಿರಾಮ ಒಮ್ಮೆ ಬಂದು ನೋಡಿ, ಗುಜರಿಯವನಿಗೆ ತೂಕಕ್ಕೆ ಹಾಕಿರಿ ಎಂದು ಹೇಳಿ ಚಹಾ ಕುಡಿದು ಹೋದ. ಬಿಗಿದುಕೊಂಡ ಇಂಜಿನ್ನಿಗೆ ಸೀಮೆಎಣ್ಣೆ ಕುಡಿಸಿ ಕುಡಿಸಿ ಮಗ ಅದನ್ನು ಸಡಿಲಿಸಿದ. ಬೆಳ್ಳಿ ಬಣ್ಣದ ಬಂಪರನ್ನು ಸೊಸೆ ದೇವರ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಗುರುಲಿಂಗಮ್ಮ ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದು ಸೀಟಿಗೆ ಕೌದಿ ಹೊದಿಸಿದಳು. ಆದರೆ ಲಿಂಗವಂತರ ಮನೆಯಲ್ಲಿ ಡುಕ್ಕರ್ ಎಂಬ ಹೆಸರು ಕೂಡದೆಂದು ಹಟ ಹಿಡಿದು, ಬಾನೆಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಅದಕ್ಕೆ ನಂದಿ ಎಂದು ಕರೆದಳು. ಮಗ ನಕ್ಕಾಗ ಅವಳು ಹೇಳಿದ ಮಾತು ಓಣಿಯಲ್ಲೆಲ್ಲ ಹಬ್ಬಿತು: "ಹಂದಿಗೂ ನಂದಿಗೂ ಒಂದ ಅಕ್ಷರ ಫರಕ. ಅಷ್ಟರಾಗೇ ಮನಿ ಮರ್ಯಾದಿ ಅದ."

ಯಜಮಾನರ ಕೊಡುಗೆ ಒಂದೇ, ಅದೂ ತಾಂಡೂರಿನವರಿಗೆ ಮಾತ್ರ ಹೊಳೆಯುವಂಥದು. ಕಾರಿನ ತಳದ ತಗಡು ತುಕ್ಕು ತಿಂದು ನೆಲ ಕಾಣುತ್ತಿತ್ತು. ನಮ್ಮೂರಲ್ಲಿ ನೆಲಕ್ಕೂ ಫರಸಿ ಎಂಬ ಕಲ್ಲುಚಪ್ಪಡಿ, ಮಾಡಿಗೂ ಫರಸಿ, ಕಪಾಟಿನ ಹಲಗೆಗೂ ಬೇಲಿಗೂ ಫರಸಿ. ಮಕ್ಕಳು ಶಿಬಿರಕ್ಕೆ ಹೋದ ಹೊತ್ತು ನೋಡಿ ಇವರು ಅಳತೆಗೆ ಸರಿಯಾಗಿ ನೀಲಿ ಫರಸಿ ಕೊಯ್ಯಿಸಿ, ಸಿಮೆಂಟು ಕಲಸಿ, ಕಾರಿನೊಳಗೆ ಅಡಿಗೆಮನೆಯಂತೆ ನೆಲ ಹಾಸಿಬಿಟ್ಟರು. ಸಂಜೆ ಎಲ್ಲರೂ ನೋಡುವಾಗ ನಂದಿ ಹೊಟ್ಟೆ ನೆಲಕ್ಕೂರಿ ಮಲಗಿತ್ತು. ಶಿವಕುಮಾರ ಬೈಯಲಿಲ್ಲ. ಕಲ್ಲು ಕಿತ್ತು, ಎಣ್ಣೆಯ ಡಬ್ಬಗಳ ತಗಡು ಬಿಡಿಸಿ ಬಡಿದು ಕೂರಿಸಿದ. ತಂದೆಗೆ ಆ ಮೇಲೆ ಹಾರನ್ನಿನ ಖಾತೆಯನ್ನು ಮಾತ್ರ ಕೊಡಲಾಯಿತು.

ಹಬ್ಬದ ದಿನ ಇಂಜಿನ್ನು ಕೆಮ್ಮಿತು, ಸೀನಿತು, ಕೊನೆಗೆ ಉಸಿರಾಡಿತು. ಓಣಿಯವರು ಚಪ್ಪಾಳೆ ತಟ್ಟುವಾಗ ಶಂಕ್ರೆಪ್ಪನವರು ಮುಖ ಬಿಗಿದುಕೊಂಡು, ಬನ್ನಿ ಕೀಳಲು ಯಾರೂ ಇನ್ನೂ ಹೋಗಿಲ್ಲವೇಕೆ ಎಂದು ಎಲ್ಲರನ್ನೂ ಗದರಿದರು.

ಮರುದಿನ ಬೆಳಿಗ್ಗೆ ಹೊರಟರು: ಸ್ಟಿಯರಿಂಗಿನ ಹಿಂದೆ ಯಜಮಾನರು, ಪಕ್ಕದಲ್ಲಿ ಬನ್ನಿ ಮತ್ತು ಹೋಳಿಗೆಯ ಬುಟ್ಟಿಯೊಡನೆ ಗುರುಲಿಂಗಮ್ಮ, ಹಿಂದೆ ಅಗತ್ಯಬಿದ್ದರೆ ತಳ್ಳಲು ಮಗ ಸೊಸೆ. ಧಾರೂರಿನ ಸಮೀಪ ರಸ್ತೆ ಬಂದ್ ಆಗಿತ್ತು. ಚಳವಳಿಯವರು ನಡುರಸ್ತೆಯಲ್ಲಿ ಒಲೆ ಹೂಡಿ, ದೊಡ್ಡ ಹಂಡೆಗಳಲ್ಲಿ ಅನ್ನ ಬೇಯಿಸಿ, ಬಂದವರಿಗೆಲ್ಲ ಅಲ್ಲೇ ಬಡಿಸುತ್ತಿದ್ದರು. ವಾಹನಗಳ ನಂಬರಿನಲ್ಲಿ ಆಂಧ್ರದ ಎ.ಪಿ. ಅಳಿಸಿ ತೆಲಂಗಾಣದ ಟಿ.ಜಿ. ಬರೆಯುತ್ತಿದ್ದ ಯುವಕ ಬಣ್ಣದ ಡಬ್ಬಿ ಹಿಡಿದು ಬಂದು, ಸಂಸ್ಥಾನದ ಕಾಲದ ಆ ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಪ್ಪಾದ. "ನೀವು ಅಳಿಸ್ಬೇಕಂದಿದ್ದು ಇದರ ಮ್ಯಾಲ ಬರದೇ ಇಲ್ಲ ತಮ್ಮಾ," ಎಂದರು ಶಂಕ್ರೆಪ್ಪನವರು. ಅವನು ನಕ್ಕು, ಉಂಡು ಹೋಗಿರೆಂದ.

ಹಂಡೆಯ ಹಬೆ ಸರಿದಾಗ ರಸ್ತೆಯ ಆಚೆ ಬದಿಯಲ್ಲಿ, ಯಾರದೋ ಮೋಟಾರು ಸೈಕಲ್ಲಿನ ಹಿಂದಿನ ಸೀಟಿನಿಂದ ಒಬ್ಬ ಮುದುಕ ಕಷ್ಟಪಟ್ಟು ಇಳಿಯುತ್ತಿದ್ದ. ಕಂಕುಳಲ್ಲಿ ಬಟ್ಟೆಯ ಚೀಲ. ಚೀಲದ ಬಾಯಿಂದ ಬನ್ನಿಯ ಟೊಂಗೆ ಹೊರಗೆ ಇಣುಕುತ್ತಿತ್ತು. ಗುರುಬಸವಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾತು ಹೊರಡಲು ಎಲ್ಲಿಂದಲಾದರೂ ಶುರುವಾಗಬೇಕಲ್ಲ. ಗುರುಬಸವಪ್ಪ ಕಾರನ್ನು ಒಂದು ಸುತ್ತು ಹಾಕಿ, ಗಾಲಿಯನ್ನು ಕೋಲಿನಿಂದ ತಟ್ಟಿದ.

"ಎಣ್ಣಿ ಸೋರ್ಲಾಕತ್ತದ."

"ಸೋರ್ತದ. ನೀ ಎಲ್ಲಿಗಿ ಹೊಂಟಿದ್ದಿ ಅಣ್ಣಾ?"

"ಬಸ್ ಇಲ್ಲಲ್ಲ," ಎಂದ ಗುರುಬಸವಪ್ಪ, ಬೇರೆಲ್ಲೋ ನೋಡುತ್ತ. "ಬಂಗಾರ ಬಾಡ್ತಾವಂತ ಬಂದೆ."

ಶಂಕ್ರೆಪ್ಪನವರು ಬಾಗಿ ಅಣ್ಣನ ಕಾಲು ಮುಟ್ಟಿ, ಎಲೆಗಳನ್ನು ಅವನ ಕೈಯಲ್ಲಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದರು. ಎಲ್ಲರೂ ಪ್ರತಿವರ್ಷ ಹೇಳುವ ಮಾತು ಅದು. ಆ ಬಾಯಿಂದ ಆ ಕಿವಿಗೆ ಬಿದ್ದು ಬಹುಕಾಲವಾಗಿತ್ತು. ಕಂಡಕಂಡಲ್ಲಿ ನೀರೂ ಮುಟ್ಟದ ಗುರುಬಸವಪ್ಪ ತಮ್ಮನ ಪಕ್ಕದಲ್ಲಿ ಡಾಂಬರಿನ ಮೇಲೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಕೈತೊಳೆದ ಮೇಲೆ ಅವನೇ ಹೇಳಿದ: "ಅರ್ಧ ದಾರಿ ಬಂದೀನಿ. ಗಾಡಿ ಹಿಂದಕ್ಕ ತಿರುಗ್ಸು, ನಿನ್ನ ಮನಿಗೇ ಹೋಗೂಣು."

ಅದು ಅಣ್ಣನ ದೊಡ್ಡತನ. ತಮ್ಮನ ಹಟಕ್ಕೆ ತಾನೇ ಸೋತುಕೊಡಲು ಬಂದಿದ್ದ. ಶಂಕ್ರೆಪ್ಪನವರು ಮುಖ ಸಣ್ಣದು ಮಾಡಿಕೊಂಡರು.

"ಆಗಂಗಿಲ್ಲಣ್ಣಾ. ರಿವರ್ಸ್ ಬೀಳಲ್ಲ. ಮುಂದಕ್ಕಷ್ಟೇ ಹೋಗ್ತದ."

ಶಿವಕುಮಾರ ಏನೋ ಹೇಳಲು ಬಾಯಿ ತೆರೆದ; ಗುರುಲಿಂಗಮ್ಮ ಅವನ ತೋಳು ಚಿವುಟಿದಳು. ಆ ಬೆಳಿಗ್ಗೆಯಷ್ಟೇ ಶಂಕ್ರೆಪ್ಪನವರು ಕಾರನ್ನು ಹಿತ್ತಲಿಂದ ಬೀದಿಯ ತನಕ ಹಿಮ್ಮುಖವಾಗಿಯೇ ತಂದಿದ್ದನ್ನು ಇಡೀ ಓಣಿ ನೋಡಿತ್ತು. ಆಯುಷ್ಯವೆಲ್ಲ ವ್ಯಾಪಾರದಲ್ಲಿ ಕಳೆದ ಗುರುಬಸವಪ್ಪನಿಗೆ ಸುಳ್ಳಿನ ಗುರುತು ಸಿಗದೆ ಹೋಗಲಿಲ್ಲ. ಅವನು ತಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಕೌದಿಯ ಸೀಟಿನ ಮೇಲೆ ಏರಿ ಕೂತ. ಕಾರು ಜಹೀರಾಬಾದಿನ ಕಡೆಗೆ ಹೊಗೆಯುಗುಳುತ್ತ ಹೊರಟಿತು.

ಇಂಥವರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ತಪ್ಪಾಯಿತೆಂಬ ನಾಲ್ಕಕ್ಷರ ಅವರ ನಾಲಗೆಗೆ ಬರುವುದಿಲ್ಲ. ಅದರ ಬದಲು ಮನೆಮಂದಿಯನ್ನೆಲ್ಲ ದುಡಿಸಿ, ಕೈ ಕರಿ ಮಾಡಿಕೊಂಡು, ಲೋಕಕ್ಕೆ ಬೇಡವಾದ ಯಂತ್ರವೊಂದನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಲಾಭನಷ್ಟ ತೂಗುವ ನಮ್ಮಂಥವರ ಕಣ್ಣಿಗೆ ಅದು ಹುಚ್ಚು, ಮತ್ತು ನಾವು ನಗುವುದೂ ನ್ಯಾಯವೇ. ಆದರೆ ಅಂಥವರ ಹಿತ್ತಲಲ್ಲಿ ಸುತ್ತಿಗೆಯ ಸದ್ದು ಕೇಳಿದರೆ, ಏನು ಕೆಟ್ಟಿದೆ ಎಂದು ಕೇಳಬಾರದು. ಯಾರ ಮನೆಗೆ ಹೋಗಬೇಕಾಗಿದೆ ಎಂದು ಕೇಳಬೇಕು.